ತೋಟದ ಲೆಕ್ಕದ ತಂತ್ರಾಂಶ: ಮೂರು ಕೊಯ್ಲಿನ ಅನುಭವ

ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದ ಲೆಕ್ಕಕ್ಕೆ ಈ ವೆಬ್ ತಂತ್ರಾಂಶವನ್ನು ಮೂರು ಕೊಯ್ಲಿನಿಂದ ಬಳಸುತ್ತಿದ್ದೇನೆ. ಏನೇನು ಸೌಲಭ್ಯಗಳಿವೆ ಎಂಬುದು ಅವರ ಜಾಲತಾಣದಲ್ಲೇ ಇದೆ. ನಾನು ಬರೆಯಹೊರಟಿರುವುದು ಯಾರಿಗೆ ಯಾವ ಪುಟ ತೆರೆಯುತ್ತದೆ ಎಂಬ ಒಂದೇ ವಿಷಯ.

ಅರೇಬಿಕಾ ಕುಯ್ಯುವ ಡಿಸೆಂಬರ್‌ನಲ್ಲಿ ಸಂಜೆ ಕಣದ ಪಕ್ಕ ತೂಕ ನಡೆಯುತ್ತದೆ. ಚೀಲ ತಕ್ಕಡಿಗೆ ಏರಿದೊಡನೆ ಮೇಸ್ತ್ರಿ ಕಿಲೋ ಕೂಗಿ, ಕುಯ್ದವರ ಹೆಸರಿನ ಮುಂದೆ ಮೊಬೈಲಿನಲ್ಲಿ ಒತ್ತುತ್ತಾರೆ. ತಂತ್ರಾಂಶದಲ್ಲಿ ಅವರಿಗೆ ಕೊಟ್ಟ ಪಾತ್ರಕ್ಕೆ ಹಾಜರಿ, ತೂಕ ಎರಡೇ ಪುಟ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಬಟವಾಡೆ, ಮುಂಗಡದ ಪುಟಗಳೂ ಉಂಟು. ಮಾರಾಟದ ದರ ನನಗೆ ಮಾತ್ರ. ಹಣ್ಣಿನ ಅಂಟು ಮೆತ್ತಿದ ಬೆರಳಿಗೆ ಎರಡೇ ಗುಂಡಿ ಸಾಕಾಗುವುದು ಎಷ್ಟು ಹಿತ ಎಂಬುದು ಮಬ್ಬುಗತ್ತಲಿನಲ್ಲಿ ತೂಕಕ್ಕೆ ನಿಂತವರಿಗೇ ಗೊತ್ತು.

ಎರಡನೇ ವರ್ಷ ಮನಸ್ಸು ಮುರಿಯಿತು. ಒಬ್ಬ ಹೆಣ್ಣಾಳಿನ ಮುಂಗಡದ ಪುಟದ ಕೊಂಡಿಯನ್ನು (ಲಿಂಕ್) ರೈಟರ್ ನನಗೆ ಕಳುಹಿಸಲು ಹೋಗಿ ತೋಟದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟರು. ಮೇಸ್ತ್ರಿ ಒತ್ತಿದರು, ಪುಟ ತೆರೆದುಕೊಂಡಿತು. ಮಗಳ ಮದುವೆಗೆ ಪಡೆದ ಹಣ, ಉಳಿದ ಬಾಕಿ, ಎಲ್ಲವೂ. ಮರುದಿನ ಆಳುಗಳ ಲೈನ್ ಮನೆಗಳಲ್ಲೆಲ್ಲ ಅದೇ ಮಾತು. “ಅಮ್ಮಾ, ನಿಮ್ಮ ಹತ್ತಿರ ಮಾತ್ರ ಹೇಳಿಕೊಂಡಿದ್ದೆ” ಎಂದು ಆಕೆ ಅಂಗಳದಲ್ಲಿ ನಿಂತಾಗ ನನಗೆ ಮುಖ ಎತ್ತಲಾಗಲಿಲ್ಲ.

ಅಂದು ರಾತ್ರಿ ಮೇಸ್ತ್ರಿಯ ಖಾತೆಯಿಂದ ನಾನೇ ಒಳಹೊಕ್ಕು ನೋಡಿದೆ. ಕೊಂಡಿಯ ಕೊನೆಯ ಅಂಕಿ ಬದಲಿಸಿದರೆ ಮುಂದಿನವರ ಲೆಕ್ಕವೂ ತೆರೆಯುತ್ತಿತ್ತು! ಕಂಪನಿಯವರು ಮೆನುವಿನಿಂದ ಗುಂಡಿ ತೆಗೆದಿದ್ದರೇ ಹೊರತು, ಪುಟ ಕೇಳುತ್ತಿರುವವರು ಯಾರು, ಅವರಿಗೆ ಅದನ್ನು ನೋಡುವ ಹಕ್ಕಿದೆಯೇ ಎಂದು ಪುಟ ಕಳುಹಿಸುವ ಅವರ ಸರ್ವರ್ ವಿಚಾರಿಸುತ್ತಲೇ ಇರಲಿಲ್ಲ. ಬೇಲಿಯೇ ಇಲ್ಲದ ತೋಟಕ್ಕೆ ಗೇಟು ನಿಲ್ಲಿಸಿದ ಹಾಗೆ. ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆ 2021ರ ಗಂಭೀರ ಭದ್ರತಾ ದೋಷಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಇಟ್ಟಿರುವುದು ಇಂಥ ದೋಷಗಳನ್ನೇ. ಫೋನ್ ಮಾಡಿದರೆ, “ಮೆನುವಿನಲ್ಲಿ ಕಾಣುವುದಿಲ್ಲವಲ್ಲ ಮೇಡಂ” ಎಂಬ ಉತ್ತರ. ಹಣ ಕಟ್ಟಿ ಇಂಥ ಮಾತು ಕೇಳಬೇಕೇ?

ಪಟ್ಟು ಹಿಡಿದೆ. ಮೂರು ವಾರಕ್ಕೆ ಸರಿಪಡಿಸಿದರು, ಸರಿಯಾಗಿಯೇ ಸರಿಪಡಿಸಿದರು. ಈಗ ಮೇಸ್ತ್ರಿಯ ಮೊಬೈಲಿನಲ್ಲಿ ಅದೇ ಕೊಂಡಿ ಒತ್ತಿದರೆ 403, ‘ಅನುಮತಿ ಇಲ್ಲ’. ಯಾರು ಯಾವ ಪುಟಕ್ಕೆ ಪ್ರಯತ್ನಿಸಿದರು ಎಂಬ ದಾಖಲೆಯೂ ನನಗೆ ಸಿಗುತ್ತದೆ. ರೈಟರ್ ರಜೆ ಹೋದಾಗ ಅವರ ಪಾತ್ರವನ್ನು ಬೇರೆಯವರಿಗೆ ಇಂತಿಷ್ಟು ದಿನಕ್ಕೆಂದು ಕೊಡುವ ಸೌಲಭ್ಯ ಮಾತ್ರ ಇನ್ನೂ ಇಲ್ಲ. ಕೊಟ್ಟದ್ದನ್ನು ನೆನಪಿಟ್ಟು ನಾನೇ ತೆಗೆಯಬೇಕು.

ವರ್ಷದ ಶುಲ್ಕ ಹತ್ತು ಆಳುಗಳ ಒಂದು ದಿನದ ಕೂಲಿಗಿಂತ ಹೆಚ್ಚಿಲ್ಲ. ಸಣ್ಣ ತೋಟಕ್ಕೆ ಹೊರೆಯಲ್ಲ, ಮುಂದುವರಿಸುತ್ತೇನೆ. ಐದರಲ್ಲಿ ಮೂರೂವರೆ ನಕ್ಷತ್ರ. ಆಕೆಯ ಮುಂಗಡದ ಲೆಕ್ಕ ಮಾತ್ರ ನನ್ನ ಬೀರುವಿನ ಪುಸ್ತಕದಲ್ಲಿದೆ. ಹಾಗೇ ಇರಲಿ ಎಂದು ಆಕೆ ಕೇಳಿಕೊಂಡರು.