ಹೊಲ ಕಾಯಲು ರಾತ್ರಿ ದುರ್ಬೀನು: ಕಡಿಮೆ ದುಡ್ಡಿಗೆ ಯಾವುದು?

ಮಧುಗಿರಿ, ಕೊರಟಗೆರೆ ಕಡೆ ಕಡಲೆಕಾಯಿ ಹೊಲ ಕಾಯುವವರಿಗೆ ಕತ್ತಲಲ್ಲಿ ತಿಳಿಯಬೇಕಾದದ್ದು ಇಷ್ಟೇ: ಬದುವಿನಾಚೆ ಅಲುಗುತ್ತಿರುವುದು ಕಾಡುಹಂದಿಯೋ, ಪಕ್ಕದವರ ಹಸುವೋ?

ಜೇಬಿಗೆ ಹೊಂದುವುದು ಡಿಜಿಟಲ್ ದುರ್ಬೀನು. ಅದರಲ್ಲಿರುವುದು ಕ್ಯಾಮೆರಾ ಸೆನ್ಸರ್, ಪುಟ್ಟ ಪರದೆ, ಜೊತೆಗೊಂದು ಅವಕೆಂಪು (ಇನ್‌ಫ್ರಾರೆಡ್) ದೀಪ. ಕೊಳ್ಳುವಾಗ ಈ ದೀಪವನ್ನೇ ವಿಚಾರಿಸಿ. ಬೆಳಕಿನ ತರಂಗಾಂತರ 850 ನ್ಯಾನೋಮೀಟರ್ ಇರುವುದು ಹೆಚ್ಚು ದೂರ ತೋರಿಸುತ್ತದೆ, ಆದರೆ ಎದುರಿನಿಂದ ನೋಡಿದವರಿಗೆ ಮಂಕಾದ ಕೆಂಪು ಚುಕ್ಕೆ ಕಾಣುತ್ತದೆ. 940ರದ್ದು ಬಹುತೇಕ ಕಾಣದು, ನೋಟದ ದೂರವೂ ತಗ್ಗುತ್ತದೆ. ಹೊಲಕ್ಕೆ 850 ಸಾಕು. ಡಬ್ಬಿಯ ಮೇಲಿನ ದೂರದ ಲೆಕ್ಕವನ್ನು ಮಾತ್ರ ನಂಬಬೇಡಿ. ಮಂಜು ಕವಿದರೆ ದೀಪದ ಬೆಳಕು ಚದುರಿ ಪರದೆಯೆಲ್ಲ ಬೆಳ್ಳಗಾಗುತ್ತದೆ. ಬ್ಯಾಟರಿಯನ್ನೂ ಬೇಗ ನುಂಗುತ್ತದೆ.

ಮಂದ ಬೆಳಕನ್ನು ಹಿಗ್ಗಿಸಿ ತೋರಿಸುವ ಮೊದಲ ಪೀಳಿಗೆಯ ಟ್ಯೂಬಿನ ಹಳೆಯ ದುರ್ಬೀನು ಅಗ್ಗಕ್ಕೆ ಸಿಕ್ಕರೂ ನನಗೆ ಒಪ್ಪಿಗೆಯಿಲ್ಲ. ಅಮಾವಾಸ್ಯೆಯ ಕತ್ತಲಿಗೆ ಅದಕ್ಕೂ ದೀಪ ಬೇಕು. ಮೇಲಾಗಿ ಪ್ರಖರ ಬೆಳಕು ಬಿದ್ದರೆ ಟ್ಯೂಬೇ ಕೆಡಬಹುದು. ಡಿಜಿಟಲ್‌ಗೆ ಹಗಲಿನ ಅಂಜಿಕೆ ಇಲ್ಲ.

ಶಾಖ ನೋಡುವ ಥರ್ಮಲ್ ದುರ್ಬೀನಿನ ದಾರಿಯೇ ಬೇರೆ. ಅದಕ್ಕೆ ದೀಪ ಬೇಡ, ಮೈಯ ಶಾಖವೇ ಸಾಕು. ದೂರದಲ್ಲಿ ಪ್ರಾಣಿ ಇದೆಯೆಂದು ಪತ್ತೆ ಹಚ್ಚುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಹಂದಿಯೋ ನಾಯಿಯೋ ಎಂಬ ಗುರುತು ಅಗ್ಗದ ಮಾದರಿಯಲ್ಲಿ ಸಿಗುವುದಿಲ್ಲ. ಹಗಲೆಲ್ಲ ಕಾದ ಬಂಡೆಗಳು ಮುಸ್ಸಂಜೆಯಲ್ಲಿ ತಾವೇ ಹೊಳೆಯುತ್ತವೆ, ನಮ್ಮ ಕಡೆ ಬಂಡೆಗೇನು ಬರ! ಕಿಟಕಿಯ ಗಾಜಿನಾಚೆ ಅದಕ್ಕೆ ಏನೂ ಕಾಣದು. ಬೆಲೆಯೂ ಹಲವು ಪಟ್ಟು.

ಒಬ್ಬರೇ ಕೊಳ್ಳುವುದಾದರೆ ಡಿಜಿಟಲ್ ತೆಗೆದುಕೊಳ್ಳಿ. ದೇವರಾಯನದುರ್ಗದ ಕಾಡಿನ ಅಂಚಿನಲ್ಲಿ ಹೊಲವಿದ್ದು ಚಿರತೆಯ ಭಯವೂ ಇದ್ದರೆ, ನಾಲ್ಕು ಮನೆಯವರು ಸೇರಿ ಥರ್ಮಲ್ ಕೊಳ್ಳುವುದು ಲೇಸು.