ಓಟಿಪಿ ಯಾರಿಗೂ ಹೇಳದಿದ್ದರೂ ದುಡ್ಡು ಹೋಯಿತು: ಪಾಸ್‌ವರ್ಡ್ ರಿಸೆಟ್ ಮಾಡಿಸುವವರು ಇದನ್ನು ಓದಿ

ಮಂಡ್ಯದ ಒಂದು ಬೆಲ್ಲದ ಮಂಡಿಯವರು ಲೆಕ್ಕಕ್ಕೆಂದು ವೆಬ್ ಆ್ಯಪ್ ಮಾಡಿಸಿಕೊಂಡಿದ್ದರು. ಆಲೆಮನೆಯವರು ಮೊಬೈಲ್ ನಂಬರ್ ಹಾಕಿ ಒಳಗೆ ಹೋದರೆ ತೂಕದ ಚೀಟಿ, ಆ ದಿನದ ರೇಟು, ಬರಬೇಕಾದ ಬಾಕಿ ಎಲ್ಲ ಕಾಣುತ್ತದೆ. ದುಡ್ಡು ಯಾವ ಬ್ಯಾಂಕ್ ಖಾತೆಗೆ ಬೀಳಬೇಕು ಅನ್ನುವುದನ್ನೂ ಅಲ್ಲೇ ಬದಲಿಸಬಹುದು. ಒಂದು ರಾತ್ರಿ ಒಬ್ಬರ ಖಾತೆ ನಂಬರ್ ಬದಲಾಯಿತು, ಮಾರನೆಯ ದಿನದ ಪಾವತಿ ಇನ್ಯಾರದೋ ಪಾಲಾಯಿತು. "ಓಟಿಪಿ ಯಾರಿಗೋ ಹೇಳಿರ್ತೀರ ಗೌಡ್ರೇ, ನೆನಪು ಮಾಡ್ಕಳಿ" ಎಂದರು ಗುಮಾಸ್ತರು. "ನಾನ್ಯಾರ್ಗೂ ಹೇಳಿಲ್ಲ ಕಣಪ್ಪ" ಅನ್ನುವುದೊಂದೇ ಆ ಹಿರಿಯರ ಮಾತು.

ಅವರು ಹೇಳಿದ್ದೇ ನಿಜ. ಸರ್ವರ್ ಲಾಗ್‌ನಲ್ಲಿ, ಅಂದರೆ ಆ್ಯಪ್ ನಡೆಯುವ ಕಂಪ್ಯೂಟರು ಬರೆದಿಡುವ ದಾಖಲೆಯಲ್ಲಿ, ಮಧ್ಯರಾತ್ರಿ ಎರಡು ಗಂಟೆಯ ಸುಮಾರಿಗೆ ಅವರ ನಂಬರಿಗೆ 'ಪಾಸ್‌ವರ್ಡ್ ಮರೆತಿದ್ದೇನೆ' ಅನ್ನುವ ಒಂದು ಕೋರಿಕೆ ಇದೆ. ಅದರ ಬೆನ್ನಿಗೇ 0000 ತಪ್ಪು, 0001 ತಪ್ಪು, 0002 ತಪ್ಪು ಎಂದು ಸಾಲುಗಟ್ಟಿ ಹೋಗಿ 3817ಕ್ಕೆ ಸರಿ ಬಿದ್ದಿದೆ. ಸೆಕೆಂಡಿಗೆ ಸುಮಾರು 40ರಂತೆ, ಎಲ್ಲ ಸೇರಿ ಒಂದೂವರೆ ನಿಮಿಷದ ಕೆಲಸ. ಅಷ್ಟೂ ಹೊತ್ತು ಗೌಡರು ನಿದ್ದೆಯಲ್ಲಿದ್ದರು, ಓಟಿಪಿ ಬಂದ ಮೆಸೇಜನ್ನು ಅವರು ತೆರೆದೂ ಇರಲಿಲ್ಲ.

ನಾಲ್ಕಂಕಿಯ ಓಟಿಪಿ ಅಂದರೆ ಇರುವುದೇ 10,000 ಸಾಧ್ಯತೆ. ತಪ್ಪು ಹಾಕಿದವರನ್ನು ತಡೆಯುವ ಎಣಿಕೆ ಇಲ್ಲದಿದ್ದರೆ ಇದೇ ವೇಗದಲ್ಲಿ ನಾಲ್ಕು ನಿಮಿಷ ಹತ್ತು ಸೆಕೆಂಡಿನಲ್ಲಿ ಎಲ್ಲವನ್ನೂ ಹಾಕಿ ನೋಡಿ ಮುಗಿಸಬಹುದು. ಆ್ಯಪ್ ಬರೆದವರು ಮೊದಲು ಮಾಡಿದ ರಿಪೇರಿ ಆರಂಕಿಗೆ ಏರಿಸಿದ್ದು. ಅದೊಂದರಿಂದ ಆಗುವುದಿಲ್ಲ. ಒಂದು ಓಟಿಪಿ ಚಾಲ್ತಿಯಲ್ಲಿರುವ ಹತ್ತು ನಿಮಿಷದಲ್ಲಿ ಅದೇ ವೇಗದಲ್ಲಿ 24,000 ಸಲ ಹಾಕಬಹುದು, ಅಂದರೆ ಒಂದು ಓಟಿಪಿಗೆ 2.4 ಪರ್ಸೆಂಟ್ ಅವಕಾಶ. ಆದರೆ 'ಮತ್ತೆ ಕಳಿಸಿ' ಒತ್ತುತ್ತಾ ಮೂವತ್ತು ಓಟಿಪಿಗೆ ಹೀಗೇ ಮಾಡಿದರೆ ಐದು ಗಂಟೆಯಲ್ಲಿ ಅರ್ಧಕ್ಕರ್ಧ ಅವಕಾಶ. ಕಳ್ಳನಿಗೆ ಒಂದು ರಾತ್ರಿ ಸಾಕು.

ಎರಡನೆಯ ರಿಪೇರಿಯಲ್ಲಿ ಐಪಿ ವಿಳಾಸಕ್ಕೆ, ಅಂದರೆ ಕೋರಿಕೆ ಬರುವ ಇಂಟರ್ನೆಟ್ ವಿಳಾಸಕ್ಕೆ, ಇಷ್ಟೇ ಪ್ರಯತ್ನ ಎಂದು ಮಿತಿ ಹಾಕಿದರು. ಅದೂ ಸಾಲದು. 2019ರಲ್ಲಿ ತಮಿಳುನಾಡಿನ ಲಕ್ಷ್ಮಣ್ ಮುತ್ತಯ್ಯ ಇನ್‌ಸ್ಟಾಗ್ರಾಮ್‌ನ ಆರಂಕಿ ರಿಸೆಟ್ ಕೋಡ್ ವಿಷಯದಲ್ಲಿ ತೋರಿಸಿದ್ದು ಇದನ್ನೇ: ಒಂದು ಐಪಿಯಿಂದ ಸುಮಾರು 200 ಪ್ರಯತ್ನ ನಡೆಯುವುದಾದರೆ ಐದು ಸಾವಿರ ಐಪಿ ಬಾಡಿಗೆಗೆ ತಂದರಾಯಿತು. ಅವರಿಗೆ 30,000 ಡಾಲರ್ ಬಹುಮಾನ ಸಿಕ್ಕಿತು. ಹಾಗಾಗಿ ಎಣಿಕೆ ಖಾತೆಯ ಮೇಲಿರಬೇಕು. ಐದು ಸಲ ತಪ್ಪಿದರೆ ಆ ಓಟಿಪಿಯೇ ರದ್ದಾಗಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಓಟಿಪಿ ಹೋಗಬಾರದು. ಆಗ ಕಳ್ಳನಿಗೆ ದಿನಕ್ಕೆ ಸಿಗುವುದು ಹತ್ತು ಲಕ್ಷದಲ್ಲಿ 25 ಪ್ರಯತ್ನ. ಎಣಿಕೆ ಏರಿಸುವುದು ಡೇಟಾಬೇಸಿನ ಒಂದೇ ಹೆಜ್ಜೆಯಲ್ಲಿ ಆಗಬೇಕು. ಮೊದಲು ಓದಿ, ಆಮೇಲೆ ಒಂದು ಕೂಡಿಸಿ ಬರೆಯುವ ಕೋಡ್ ಇದ್ದರೆ ಒಟ್ಟಿಗೇ ನುಗ್ಗುವ ನೂರು ಕೋರಿಕೆಗಳೂ 'ಇನ್ನೂ ಸೊನ್ನೆ' ಅಂತಲೇ ಓದಿಕೊಳ್ಳುತ್ತವೆ.

ಹಳೆಯ ಮೊಬೈಲ್ ಆ್ಯಪ್‌ಗೆಂದು ಇಟ್ಟ ಇನ್ನೊಂದು ಸಬ್‌ಡೊಮೈನ್‌ಗೆ (ಅದೇ ಸೈಟಿನ ಬೇರೆ ವಿಳಾಸಕ್ಕೆ) ಈ ಮಿತಿ ತಲುಪಿಯೇ ಇರಲಿಲ್ಲ. ಇಂಥದ್ದು ದೊಡ್ಡವರಲ್ಲೂ ಆಗಿದೆ. 2016ರಲ್ಲಿ ಬೆಂಗಳೂರಿನ ಆನಂದ್ ಪ್ರಕಾಶ್ ಹುಡುಕಿದ ಹುಳುಕು ಅದೇ: ಫೇಸ್‌ಬುಕ್‌ನ ಮುಖ್ಯ ಸೈಟಿನಲ್ಲಿ ಹತ್ತು ಹನ್ನೆರಡು ತಪ್ಪಿಗೆ ತಡೆ ಬೀಳುತ್ತಿತ್ತು, ಪರೀಕ್ಷೆಗೆಂದು ಇಟ್ಟ ಬೀಟಾ ವಿಳಾಸದಲ್ಲಿ ಬೀಳುತ್ತಿರಲಿಲ್ಲ.

ಇಷ್ಟು ಸರಿಮಾಡಿದ ಮೇಲೂ ಇದಕ್ಕಿಂತ ಕೆಟ್ಟದ್ದೊಂದು ಉಳಿದಿತ್ತು. ರಿಸೆಟ್ ಮೂರು ಹಂತದಲ್ಲಿ ನಡೆಯುತ್ತಿತ್ತು: ನಂಬರ್ ಕೊಡುವುದು, ಓಟಿಪಿ ಹಾಕುವುದು, ಹೊಸ ಪಾಸ್‌ವರ್ಡ್ ಬರೆಯುವುದು. ಮೂರನೇ ಹಂತದ ಫಾರ್ಮಿನಲ್ಲಿ ಮೊಬೈಲ್ ನಂಬರ್ ಕಾಣದ ಹಾಗೆ ಅಡಗಿ ಕೂತಿತ್ತು, ಸರ್ವರ್ ಅದನ್ನೇ ನಂಬುತ್ತಿತ್ತು. ನಿಮ್ಮದೇ ನಂಬರಿಗೆ ಓಟಿಪಿ ತರಿಸಿಕೊಳ್ಳಿ, ಸರಿಯಾಗಿಯೇ ಹಾಕಿ, ಕೊನೆಯ ಕೋರಿಕೆಯಲ್ಲಿ ಮಾತ್ರ ಬೇರೆಯವರ ನಂಬರ್ ತುಂಬಿ. ಅವರ ಪಾಸ್‌ವರ್ಡ್ ಬದಲಾಗುತ್ತಿತ್ತು. ಊಹೆಯೂ ಬೇಡ, ರಾತ್ರಿಯೂ ಬೇಡ. ಸರ್ವರ್ ಎರಡನೇ ಹಂತದಲ್ಲಿ ಒಂದು ಟೋಕನ್ (ಗುಟ್ಟಿನ ಗುರುತಿನ ಚೀಟಿಯಂಥ ಉದ್ದದ ಕೋಡ್) ಕೊಟ್ಟು, ಅದು ಯಾರದ್ದೆಂದು ತನ್ನಲ್ಲೇ ಬರೆದಿಟ್ಟುಕೊಂಡು, ಮೂರನೇ ಹಂತದಲ್ಲಿ ಟೋಕನ್ ಒಂದನ್ನೇ ಕೇಳಬೇಕು.

ಆ ಟೋಕನ್ನೂ ಊಹೆಗೆ ಸಿಗಬಾರದು. ವೆಬ್ ಆ್ಯಪ್ ಬರೆಯುವ ಪಿಎಚ್‌ಪಿ ಭಾಷೆಯ ಯೂನಿಕ್‌ಐಡಿ ಫಂಕ್ಷನ್ ಕೊಡುವ ಕೋಡ್ ಗಡಿಯಾರದ ಸಮಯದಿಂದ ಹುಟ್ಟುತ್ತದೆ, ಅದಕ್ಕೆ ಎಂಡಿ5 ಎಂಬ ಹ್ಯಾಶ್ (ಅಕ್ಷರಗಳನ್ನು ಕಲಸಿ ಬೇರೆ ರೂಪ ಕೊಡುವ ಲೆಕ್ಕ) ಹೊದಿಸಿದ ಮಾತ್ರಕ್ಕೆ ಗುಟ್ಟಾಗುವುದಿಲ್ಲ. ಊಹೆಗೆ ಸಿಗದ ಅಂಕಿ ಕೊಡುವ ರ‍್ಯಾಂಡಮ್‌ಬೈಟ್ಸ್ ಫಂಕ್ಷನ್ನಿನಿಂದ 32 ಬೈಟ್ ತೆಗೆದುಕೊಳ್ಳಿ. ಡೇಟಾಬೇಸಿನಲ್ಲಿ ಅದರ ಹ್ಯಾಶ್ ಮಾತ್ರ ಇರಲಿ, ಒಂದು ಸಲ ಬಳಸಿದ ಮೇಲೆ ಸಾಯಲಿ. ಇಮೇಲ್‌ನಲ್ಲಿ ರಿಸೆಟ್ ಲಿಂಕ್ ಕಳಿಸುವವರು ಸೈಟಿನ ವಿಳಾಸವನ್ನು ಸೆಟ್ಟಿಂಗ್‌ನಿಂದ ಓದಬೇಕು. ಬಂದ ಕೋರಿಕೆಯ ಹೋಸ್ಟ್ ಹೆಡರ್‌ನಿಂದ (ಯಾವ ಸೈಟಿಗೆ ಎಂದು ಕೋರಿಕೆ ಕಳಿಸಿದವರೇ ಬರೆಯುವ ಸಾಲಿನಿಂದ) ತೆಗೆದುಕೊಂಡರೆ ಕಳ್ಳ ಅಲ್ಲಿ ತನ್ನ ಡೊಮೈನ್ ತುಂಬುತ್ತಾನೆ. ಲಿಂಕ್ ನಿಮ್ಮ ಹೆಸರಿನಲ್ಲೇ ಹೋಗುತ್ತದೆ, ಒತ್ತಿದರೆ ಟೋಕನ್ ಅವನಿಗೆ ತಲುಪುತ್ತದೆ. ಜಾಂಗೋ ಎಂಬ ಫ್ರೇಮ್‌ವರ್ಕ್ ಬಳಸಿ ಬರೆಯುವವರಾದರೆ, ಯಾವ ವಿಳಾಸಗಳನ್ನು ಒಪ್ಪಬೇಕೆಂದು ಹೇಳುವ ಅಲೌಡ್ ಹೋಸ್ಟ್ಸ್ ಸೆಟ್ಟಿಂಗ್‌ನಲ್ಲಿ 'ಯಾವುದಾದರೂ ಸರಿ' ಅನ್ನುವ ನಕ್ಷತ್ರ ಹಾಕಿ ಕೈ ತೊಳೆದುಕೊಳ್ಳಬೇಡಿ.

'ಈ ನಂಬರ್ ನೋಂದಣಿ ಆಗಿಲ್ಲ' ಎಂದು ಉತ್ತರಿಸುವುದನ್ನೂ ಬಿಡಿ, ಅದು ಯಾರ‍್ಯಾರ ಖಾತೆ ಇದೆ ಎಂದು ಸಾರಿದ ಹಾಗೆ. ಪಾಸ್‌ವರ್ಡ್ ಬದಲಾದ ಕೂಡಲೇ ಹಳೆಯ ಲಾಗಿನ್‌ಗಳೆಲ್ಲ ಮುಗಿಯಬೇಕು, ಮಾಲೀಕರಿಗೆ ಮೆಸೇಜ್ ಹೋಗಬೇಕು. ದುಡ್ಡಿನ ಆ್ಯಪ್ ಆದರೆ ರಿಸೆಟ್ ಆದ 24 ಗಂಟೆ ಬ್ಯಾಂಕ್ ಖಾತೆ ಬದಲಿಸಲು ಬಿಡಬಾರದು. ಇದೊಂದೇ ಇದ್ದಿದ್ದರೂ ಗೌಡರ ದುಡ್ಡು ಉಳಿಯುತ್ತಿತ್ತು.

ಆ್ಯಪ್ ಮಾಡಿಸಿಕೊಂಡವರು ಕೋಡ್ ಓದಬೇಕಿಲ್ಲ. ನಿಮ್ಮ ಸ್ವಂತ ಖಾತೆಗೆ ಓಟಿಪಿ ತರಿಸಿ, ಬೇಕೆಂದೇ ಆರು ಸಲ ತಪ್ಪು ಹಾಕಿ, ಏಳನೆಯ ಸಲ ಸರಿಯಾದದ್ದು ಹಾಕಿ. ಒಳಗೆ ಬಿಟ್ಟರೆ ಬರೆದವರಿಗೆ ಅವತ್ತೇ ಫೋನ್ ಮಾಡಿ. ಬೇರೆಯವರ ಖಾತೆಯ ಮೇಲೆ ಅವರ ಒಪ್ಪಿಗೆಯಿಲ್ಲದೆ ಪರೀಕ್ಷೆ ಬೇಡ, ಐಟಿ ಕಾಯ್ದೆಯ ಸೆಕ್ಷನ್ 66 ನಿಮ್ಮ ಮೇಲೇ ಬಂದೀತು. ದುಡ್ಡು ಹೋಗಿದ್ದರೆ ಮಂಡಿಯವರ ಜೊತೆ ವಾದಕ್ಕೆ ನಿಲ್ಲುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಸಿದರೆ ಸಿಗುವ ಸಾಧ್ಯತೆ ಹೆಚ್ಚು. ಸೈಟ್ ನಡೆಸುವವರು ಇಂಥ ದಾಳಿ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಕೊಡಬೇಕೆಂಬ ನಿಯಮ 2022ರಿಂದಲೇ ಇದೆ.

ಇನ್ನೊಂದು ವಿಷಯ. 0000, 0001 ಎಂಬ ಸಾಲು ಕಣ್ಣಿಗೆ ಬಿದ್ದದ್ದೇ ಆ ಆ್ಯಪ್ ಪ್ರತಿ ಓಟಿಪಿಯನ್ನೂ ಲಾಗ್‌ನಲ್ಲಿ ಬರೆದಿಡುತ್ತಿದ್ದುದರಿಂದ. ಗೌಡರ ಮಾತು ನಿಜವೆಂದು ಸಾಬೀತಾದದ್ದು ಆ ತಪ್ಪಿನಿಂದಲೇ. ಸರ್ವರ್ ಪಾಸ್‌ವರ್ಡ್ ಗೊತ್ತಿದ್ದ ಯಾರು ಬೇಕಾದರೂ ಕೂತಲ್ಲೇ ಎಲ್ಲರ ಓಟಿಪಿ ಓದಬಹುದಾಗಿತ್ತು. ಈಗ ಅದನ್ನೂ ತೆಗೆಸಿದ್ದಾರೆ, ಪ್ರಯತ್ನ ಎಷ್ಟು ನಡೆಯಿತು ಅನ್ನುವ ಲೆಕ್ಕ ಮಾತ್ರ ಉಳಿಸಿಕೊಂಡಿದ್ದಾರೆ.