ಏಜೆಂಟ್ ತನ್ನ ಸಾಮರ್ಥ್ಯವನ್ನು ಹೇಳಿಕೊಳ್ಳುವ ಬಗೆ: ಎಸ್‌ಎನ್‌ಎಂಪಿ ಮತ್ತು ನೆಟ್‌ಕಾನ್ಫ್ ಹೋಲಿಕೆ

ಮಂಗಳೂರಿನ ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುವ ನಮಗೆ, ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಸುಟ್ಟುಹೋದ ಸ್ವಿಚ್‌ಗಳ ಜಾಗಕ್ಕೆ ಬೇರೆ ಬೇರೆ ಮಾದರಿಯವು ಬರುವುದು ಹೊಸದಲ್ಲ. ಎಲ್ಲದರ ವಿವರಪಟ್ಟಿಯಲ್ಲೂ ಎಸ್‌ಎನ್‌ಎಂಪಿ (ಉಪಕರಣದ ಸ್ಥಿತಿಯನ್ನು ದೂರದಿಂದಲೇ ಓದುವ, ಬದಲಿಸುವ ನಿಯಮಾವಳಿ; ಉಪಕರಣದೊಳಗೆ ಅದಕ್ಕೆ ಉತ್ತರಿಸುವ ತಂತ್ರಾಂಶವೇ ಏಜೆಂಟ್) ಇದೆ ಎಂದಿರುತ್ತದೆ. ಯಾವ ಆಬ್ಜೆಕ್ಟ್, ಅಂದರೆ ಯಾವ ಮಾಹಿತಿಯ ಅಂಶ, ಓದಲು ಸಿಗುತ್ತದೆ, ಯಾವುದನ್ನು ಬದಲಿಸಬಹುದು ಎಂಬುದು ಮಾತ್ರ ಅಲ್ಲಿರುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಒಂದು ಗಿಗಾಬಿಟ್ ಪೋರ್ಟ್ ಪೂರ್ಣ ವೇಗದಲ್ಲಿ ಓಡಿದರೆ ಹಾದುಹೋದ ಬೈಟ್‌ಗಳನ್ನು ಎಣಿಸುವ 32 ಬಿಟ್‌ನ ಆಕ್ಟೆಟ್ ಕೌಂಟರ್ ಸುಮಾರು 34 ಸೆಕೆಂಡಿಗೆ ಸೊನ್ನೆಗೆ ಮರಳುತ್ತದೆ. 64 ಬಿಟ್‌ನ ಕೌಂಟರ್ ಇಲ್ಲದ ಸ್ವಿಚ್ಚನ್ನು ಐದು ನಿಮಿಷಕ್ಕೊಮ್ಮೆ ಓದಿದರೆ ಗ್ರಾಫ್ ನಂಬುವಂತಿರುವುದಿಲ್ಲ.

1992ರ ಆರ್‌ಎಫ್‌ಸಿ (ಇಂಟರ್ನೆಟ್ ತಂತ್ರಜ್ಞಾನದ ಸಂಖ್ಯೆಯುಳ್ಳ ದಾಖಲೆ) 1303ರಲ್ಲಿ ಆರಂಭವಾಗಿ 1999ರ ಆರ್‌ಎಫ್‌ಸಿ 2580ರಲ್ಲಿ ಈಗಿನ ರೂಪ ಪಡೆದ ಏಜೆಂಟ್-ಕೇಪಬಿಲಿಟೀಸ್ ಹೇಳಿಕೆ ಇದಕ್ಕೆಂದೇ ಹುಟ್ಟಿದ್ದು. ಯಾವ ಎಂಐಬಿಯ (ಆಬ್ಜೆಕ್ಟ್‌ಗಳ ವ್ಯಾಖ್ಯೆಗಳ ಸಂಗ್ರಹ) ಯಾವ ಗುಂಪುಗಳಿವೆ, ಯಾವ ಆಬ್ಜೆಕ್ಟಿನಲ್ಲಿ ಮೂಲ ವ್ಯಾಖ್ಯೆಗಿಂತ ವ್ಯತ್ಯಾಸವಿದೆ ಎಂಬುದನ್ನು ತಯಾರಕರು ಅದರಲ್ಲಿ ಬರೆಯುತ್ತಾರೆ. ನಾನು ಓದಿದ ಒಂದು ಕಡತದಲ್ಲಿ, ಪೋರ್ಟ್ ಸ್ಥಿತಿಯನ್ನು ಬದಲಿಸುವ ಆಬ್ಜೆಕ್ಟಿಗೆ 'ಅಪ್' ಮತ್ತು 'ಡೌನ್' ಮಾತ್ರ ಕೊಡಬಹುದು, 'ಟೆಸ್ಟಿಂಗ್' ಕೊಡಲಾಗದು ಎಂದು ಸ್ಪಷ್ಟವಾಗಿತ್ತು. ಇಷ್ಟು ನಿಖರವಾದ ಬರವಣಿಗೆ ನನಗೆ ಬಹಳ ಹಿಡಿಸಿತು. ಆದರೆ ಆ ಕಡತ ಇರುವುದು ಉಪಕರಣದ ಹೊರಗೆ. ಸ್ವಿಚ್ಚಿನ ಫರ್ಮ್‌ವೇರ್ ಮುಂದಿನ ಆವೃತ್ತಿಗೆ ಹೋಗಿದ್ದರೂ, ಕಡತದಲ್ಲಿ ಹಿಂದಿನ ಆವೃತ್ತಿಯ ಹೆಸರೇ ಉಳಿದಿತ್ತು. ಕೆಲವು ಮಾದರಿಗಳಿಗಂತೂ ಇಂಥ ಕಡತವೇ ಸಿಗಲಿಲ್ಲ.

ಏಜೆಂಟನ್ನೇ ಕೇಳಬೇಕೆಂದರೆ 1.3.6.1.2.1.1.9 ಎಂಬ ಗುರುತುಸಂಖ್ಯೆಯಲ್ಲಿರುವ ಸಿಸ್‌ಓಆರ್ ಟೇಬಲ್ಲನ್ನು ವಾಕ್ ಮಾಡಬೇಕು, ಅಂದರೆ ಅದರ ಆಬ್ಜೆಕ್ಟ್‌ಗಳನ್ನು ಒಂದಾದ ಮೇಲೊಂದು ಓದಬೇಕು. ಅದರ ಪ್ರತಿ ಸಾಲಿನಲ್ಲಿ ಒಂದು ಗುರುತು, ಒಂದು ವಿವರಣೆ ಮತ್ತು ಆ ಸಾಲು ಸೇರಿದ ಸಮಯ ಇರುತ್ತವೆ. ಆ ಗುರುತು ಏಜೆಂಟ್-ಕೇಪಬಿಲಿಟೀಸ್ ಹೇಳಿಕೆಗೆ ಕರೆದೊಯ್ಯಬೇಕೆಂಬುದು ಉದ್ದೇಶ. ನಮ್ಮ ಲಿನಕ್ಸ್ ಸರ್ವರ್‌ಗಳಲ್ಲಿ ಕಂಡದ್ದು ಎಂಐಬಿಗಳ ಹೆಸರಿನ ಪಟ್ಟಿ; ವ್ಯತ್ಯಾಸಗಳ ಸುಳಿವು ಅಲ್ಲಿರಲಿಲ್ಲ.

ಉಪಕರಣದ ಸಂರಚನೆಯನ್ನು ನಿರ್ವಹಿಸುವ ಇನ್ನೊಂದು ನಿಯಮಾವಳಿಯಾದ ನೆಟ್‌ಕಾನ್ಫ್ ಇರುವ ಕೋರ್ ಸ್ವಿಚ್ಚಿನಲ್ಲಿ ಅನುಭವವೇ ಬೇರೆ. 830ನೇ ಪೋರ್ಟಿನಲ್ಲಿ ಸಂಪರ್ಕ ಆಗುತ್ತಿದ್ದಂತೆ ಅದು ಹಲೋ ಸಂದೇಶದಲ್ಲಿ ತನ್ನ ಸಾಮರ್ಥ್ಯಗಳನ್ನು ಹೇಳಿತು: ಕ್ಯಾಂಡಿಡೇಟ್ ಸಂರಚನೆ (ಜಾರಿಗೆ ಮುಂಚಿನ ಕರಡು) ಇದೆಯೇ, ದೃಢೀಕರಿಸದಿದ್ದರೆ ತಾನಾಗಿ ಹಿಂದಿರುಗುವ ಕಮಿಟ್ (ಬದಲಾವಣೆಯ ಜಾರಿ) ಇದೆಯೇ ಎಂಬುದೆಲ್ಲ ಅಲ್ಲೇ ತಿಳಿಯಿತು. ಯಾಂಗ್ ಮಾಡ್ಯೂಲ್‌ಗಳು (ನೆಟ್‌ಕಾನ್ಫ್ ಬಳಸುವ ಮಾಹಿತಿಯ ವ್ಯಾಖ್ಯೆಗಳ ಕಡತಗಳು), ಅವುಗಳ ರಿವಿಷನ್ ದಿನಾಂಕ, ಡೀವಿಯೇಷನ್ ಮಾಡ್ಯೂಲ್‌ಗಳ ಹೆಸರುಗಳು 2019ರ ಆರ್‌ಎಫ್‌ಸಿ 8525 ವಿವರಿಸುವ ಯಾಂಗ್ ಲೈಬ್ರರಿಯಲ್ಲಿ ಸಿಕ್ಕಿದವು. ಹಳೆಯ ಹೇಳಿಕೆಯ ವ್ಯತ್ಯಾಸದ ಕೆಲಸವನ್ನು ಇಲ್ಲಿ ಡೀವಿಯೇಷನ್ ಮಾಡುತ್ತದೆ: ಒಂದು ಲೀಫ್ (ಒಂದೇ ಮೌಲ್ಯ ಹಿಡಿಯುವ ಅಂಶ) ಇಲ್ಲ, ಅಥವಾ ಅದರ ಮಿತಿ ಬೇರೆ ಎಂದು ಅದರಲ್ಲಿ ಬರೆದಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಗೆಟ್-ಸ್ಕೀಮಾ ಆದೇಶದಿಂದ ಆ ಡೀವಿಯೇಷನ್ ಕಡತವನ್ನು ಸ್ವಿಚ್ಚಿನಿಂದಲೇ ಇಳಿಸಿಕೊಂಡದ್ದು. ಅದನ್ನು ಹುಡುಕಿಕೊಂಡು ತಯಾರಕರ ತಾಣಕ್ಕೆ ಹೋಗುವ ಪ್ರಮೇಯವೇ ಬರಲಿಲ್ಲ.

ಆದ್ದರಿಂದ ನೆಟ್‌ಕಾನ್ಫ್ ಇರುವಲ್ಲಿ ಅದನ್ನೇ ನೆಚ್ಚುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ತರಗತಿ, ಹಾಸ್ಟೆಲ್‌ಗಳ ಅಗ್ಗದ ಸ್ವಿಚ್‌ಗಳಲ್ಲಿ ಅದಿಲ್ಲ. ಅವುಗಳಿಗೆ ಕೇಪಬಿಲಿಟೀಸ್ ಕಡತವಿದ್ದರೆ ಮೊದಲು ಓದಿ, ಬಳಿಕ ಅದೇ ಫರ್ಮ್‌ವೇರ್ ಇರುವ ಸ್ವಿಚ್ಚಿನ ಮೇಲೆ ವಾಕ್ ಮಾಡಿ ಎರಡನ್ನೂ ತಾಳೆ ನೋಡುತ್ತೇವೆ. ಮುಂದಿನ ಖರೀದಿಯ ಷರತ್ತುಗಳಲ್ಲಿ, ಫರ್ಮ್‌ವೇರ್ ಆವೃತ್ತಿಗೆ ಹೊಂದುವ ಕೇಪಬಿಲಿಟೀಸ್ ಕಡತ ಅಥವಾ ಯಾಂಗ್ ಡೀವಿಯೇಷನ್‌ಗಳನ್ನು ಪೂರೈಕೆದಾರರು ಒದಗಿಸಲೇಬೇಕು ಎಂಬ ಸಾಲನ್ನು ಸೇರಿಸಲು ಕೇಳಿಕೊಂಡಿದ್ದೇನೆ.